ಗಡಿಯಲ್ಲಿ ನಿಂತ ಬೆರಳಚ್ಚು ಯಂತ್ರ

ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯುವಾಗ ಮನೆಯ ಹಿರಿಯರು ಪುಟ್ಟ ಯಂತ್ರವೊಂದರ ಮೇಲೆ ಹೆಬ್ಬೆರಳಿಡುವುದನ್ನು ನೀವು ನೋಡಿರಬಹುದು. ಇಂಥ ಯಂತ್ರಗಳಲ್ಲಿ ಹಲವು ಬೆಳಕಿನಿಂದಲೇ ಬೆರಳನ್ನು ಓದುತ್ತವೆ. ಈ ಓದುವ ವಿಧಾನ ಯಾರ ಸ್ವತ್ತು? ಈ ಪ್ರಶ್ನೆ ಅಮೆರಿಕದಲ್ಲಿ ಐದು ವರ್ಷಗಳ ವ್ಯಾಜ್ಯಕ್ಕೆ ಕಾರಣವಾಯಿತು.

ಮೊದಲು ಬೆಳಕಿನ ಕೆಲಸವನ್ನು ತಿಳಿಯೋಣ. ಗಾಜಿನ ಪಟ್ಟಕದೊಳಗೆ ಓರೆಯಾಗಿ ಬಿಟ್ಟ ಬೆಳಕು ಮೇಲ್ಮೈಗೆ ತಗುಲಿ ಪೂರ್ತಿಯಾಗಿ ಹಿಂದಿರುಗುತ್ತದೆ. ಇದೇ ನೀವು ಭೌತಶಾಸ್ತ್ರದಲ್ಲಿ ಓದುವ ಸಂಪೂರ್ಣ ಆಂತರಿಕ ಪ್ರತಿಫಲನ. ಬೆರಳಿಟ್ಟಾಗ ಚರ್ಮದ ಉಬ್ಬುಗೆರೆಗಳು ಗಾಜನ್ನು ಮುಟ್ಟುತ್ತವೆ; ಅಲ್ಲಿ ಬೆಳಕು ಹಿಂದಿರುಗದೆ ಕಪ್ಪು ಗೆರೆ ಮೂಡುತ್ತದೆ. ತಗ್ಗುಗಳಲ್ಲಿ ಗಾಳಿ ಇರುವುದರಿಂದ ಬೆಳಕು ಹಿಂದಿರುಗಿ ಬಿಳಿಯಾಗಿ ಕಾಣುತ್ತದೆ.

ಈ ನಿಸರ್ಗ ನಿಯಮಕ್ಕೆ ಯಾರೂ ಪೇಟೆಂಟ್ ಪಡೆಯಲಾರರು. ಆದರೆ ಅದನ್ನು ಬಳಸಿ ಸ್ಪಷ್ಟ ಚಿತ್ರ ತೆಗೆಯುವ ಹೊಸ ಉಪಾಯಕ್ಕೆ ಪಡೆಯಬಹುದು. ಉಪಾಯವನ್ನು ಬಹಿರಂಗಪಡಿಸಿದವರಿಗೆ, ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದಂದಿನಿಂದ 20 ವರ್ಷಗಳವರೆಗೆ, ಇತರರು ಅದನ್ನು ಬಳಸದಂತೆ ತಡೆಯುವ ಹಕ್ಕು ದೊರೆಯುತ್ತದೆ.

2010ರಲ್ಲಿ ಫ್ಲಾರಿಡಾದ ಕ್ರಾಸ್ ಮ್ಯಾಚ್ ಕಂಪನಿಯು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ನೀಡಿತು. ಪ್ರತಿವಾದಿಗಳು ದಕ್ಷಿಣ ಕೊರಿಯದ ಸುಪ್ರೀಮಾ ಮತ್ತು ಟೆಕ್ಸಾಸ್‌ನ ಮೆಂಟಲಿಕ್ಸ್. ಒಂದು ಪೇಟೆಂಟ್ ಮಸೂರಗಳ ಜೋಡಣೆಯದು. ಇನ್ನೊಂದು, ಬೆರಳಿನ ಚಿತ್ರವನ್ನು ಸೆರೆಹಿಡಿದು, ಶೋಧಿಸಿ, ಕಪ್ಪು-ಬಿಳುಪಾಗಿಸಿ, ಬೆರಳಿನ ಜಾಗ ಮತ್ತು ಆಕಾರವನ್ನು ಗುರುತಿಸುವ ವಿಧಾನದ್ದು.

ತೊಡಕು ಹುಟ್ಟಿದ್ದು ಈ ಎರಡನೆಯದರಲ್ಲಿ. ಸುಪ್ರೀಮಾ ಯಂತ್ರವನ್ನು ತಯಾರಿಸುತ್ತಿತ್ತು. ಅದು ಅಮೆರಿಕಕ್ಕೆ ಬಂದ ಮೇಲೆ ಮೆಂಟಲಿಕ್ಸ್ ತನ್ನ ತಂತ್ರಾಂಶವನ್ನು ಸೇರಿಸುತ್ತಿತ್ತು. ಎರಡೂ ಕೂಡಿದಾಗಲೇ ಆ ವಿಧಾನ ಪೂರ್ಣವಾಗುತ್ತಿತ್ತು. ಹಾಗಾದರೆ ಬಂದರಿನಲ್ಲಿದ್ದ ಯಂತ್ರ ತಪ್ಪು ಮಾಡಿತ್ತೇ? ಹೆಪ್ಪು ಹಾಕುವ ಮುನ್ನವೇ ಹಾಲನ್ನು ಮೊಸರೆನ್ನಬಹುದೇ?

1930ರ ಸುಂಕ ಕಾಯಿದೆಯ 337ನೇ ವಿಭಾಗವು ಪೇಟೆಂಟ್ ಉಲ್ಲಂಘಿಸುವ ‘ವಸ್ತು’ಗಳ ಆಮದನ್ನು ತಡೆಯುತ್ತದೆ. 2011ರಲ್ಲಿ ಆಯೋಗವು ಆಮದನ್ನು ನಿಷೇಧಿಸಿತು. ಸುಪ್ರೀಮಾ ಪೇಟೆಂಟ್ ವಿಷಯದಲ್ಲಿ ಬೇಕೆಂದೇ ಕಣ್ಣುಮುಚ್ಚಿಕೊಂಡು ಮೆಂಟಲಿಕ್ಸ್‌ನ ಉಲ್ಲಂಘನೆಗೆ ನೆರವಾಯಿತೆಂಬುದು ಅದರ ನಿರ್ಣಯ. 2013ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠವು ಬಹುಮತದಿಂದ ಇದನ್ನು ಒಪ್ಪಲಿಲ್ಲ. ಆಮದಾಗುವ ಹೊತ್ತಿಗೆ ವಸ್ತುವೇ ಉಲ್ಲಂಘಿಸುತ್ತಿರಬೇಕು ಎಂದಿತು. ಆದರೆ 2015ರ ಆಗಸ್ಟ್ 10ರಂದು ಅದೇ ನ್ಯಾಯಾಲಯದ 10 ನ್ಯಾಯಾಧೀಶರ ಪೂರ್ಣಪೀಠವು 6-4ರ ಬಹುಮತದಿಂದ ಆಯೋಗದ ಅರ್ಥೈಕೆಯನ್ನು ಎತ್ತಿಹಿಡಿಯಿತು. ಇತರರ ಉಲ್ಲಂಘನೆಗೆ ಪ್ರೇರಣೆ ನೀಡಿ ತಂದ ಸರಕನ್ನೂ ತಡೆಯಬಹುದೆಂದಾಯಿತು.

ನಾಲ್ವರು ನ್ಯಾಯಾಧೀಶರು ಒಪ್ಪಲಿಲ್ಲವೆಂಬುದನ್ನು ಗಮನಿಸಿ. ಗಡಿಯಲ್ಲಿ ತಡೆಯಲಾಗದಿದ್ದರೆ, ಒಂದು ಉಪಾಯವನ್ನು ಬಿಡಿಬಿಡಿಯಾಗಿ ತಂದು ಒಳಗೆ ಜೋಡಿಸಿಕೊಳ್ಳುವವರು ಸಂಶೋಧಕನ ಶ್ರಮವನ್ನು ವ್ಯರ್ಥಗೊಳಿಸಬಹುದು. ತಡೆದರೆ, ಅದೇ ಯಂತ್ರವನ್ನು ಬೇರೆ ತಂತ್ರಾಂಶದೊಡನೆ ಬಳಸಬಯಸುವವರಿಗೂ ಅದು ಸಿಗದೆ ಹೋಗಬಹುದು. ನೀವು ಆ ಪೀಠದಲ್ಲಿದ್ದಿದ್ದರೆ ಯಾವ ಕಡೆ ಸಹಿ ಹಾಕುತ್ತಿದ್ದಿರಿ? ಗೆಳೆಯರೊಡನೆ ಚರ್ಚಿಸಿ ನೋಡಿ.