ಉಡುಪಿ ಹೋಟೆಲಿನ ವ್ಯವಹಾರನೀತಿ

ಅನ್ನವನ್ನು ಮಾರಬಾರದೆಂಬುದು ನಮ್ಮ ಹಿರಿಯರ ಮತವಾಗಿದ್ದಿತು. ದಾರಿಹೋಕನಿಗೆ ಛತ್ರವಿತ್ತು, ಯಾತ್ರಿಕನಿಗೆ ಮಠವಿತ್ತು, ಇವೆರಡೂ ಇಲ್ಲದ ಊರಿನಲ್ಲಿ ದೂರದ ಬಂಧುಗಳ ಮನೆಯಾದರೂ ಇರುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಚೇರಿ, ಕಾರ್ಖಾನೆ, ಕಾಲೇಜುಗಳನ್ನು ನಂಬಿ ಸಾವಿರಾರು ಜನರು ಪಟ್ಟಣಗಳಿಗೆ ಬಂದು ನೆಲಸಿದಾಗ ಈ ಮೂರು ಆಶ್ರಯಗಳೂ ಸಾಲದೆ ಹೋದುವು. ಆ ಕೊರತೆಯನ್ನು ತುಂಬಲು ಹುಟ್ಟಿದುದೇ ಹೋಟೆಲು. ಆಶ್ಚರ್ಯವೆಂದರೆ, ಆ ಉದ್ಯಮದಲ್ಲಿ ಎಲ್ಲರಿಗಿಂತ ಹೆಸರು ಪಡೆದವರು ವ್ಯಾಪಾರವೇ ಕುಲಕಸುಬಾಗಿದ್ದವರಲ್ಲ. ಮಠದ ಪಂಕ್ತಿಯಲ್ಲಿ ಹಣ ಪಡೆಯದೆ ಬಡಿಸುತ್ತಿದ್ದ ಉಡುಪಿಯ ಸೀಮೆಯವರು. ದಾನದ ಅಡುಗೆಮನೆಯಲ್ಲಿ ಕಲಿತ ವಿದ್ಯೆಯು ವ್ಯಾಪಾರದಲ್ಲಿ ಹೇಗೆ ಫಲಿಸಿತು? ಹೋಟೆಲಿನ ಲಾಭವು ನಿಜವಾಗಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಬರಬಾರದು? ಈ ಪ್ರಶ್ನೆಗಳನ್ನು ನಾವು ಇಲ್ಲಿ ಇತಿಹಾಸದ ಸಹಾಯದಿಂದ ವಿಚಾರಮಾಡೋಣ.

ಉಡುಪಿಯ ಶ್ರೀಕೃಷ್ಣನ ಪೂಜೆಯ ಅಧಿಕಾರವು ಅಷ್ಟಮಠಗಳಿಗೆ ಸರದಿಯಂತೆ ಸಲ್ಲುವುದೆಂಬುದು ಎಲ್ಲರೂ ತಿಳಿದ ವಿಷಯ. ಒಂದೊಂದು ಮಠದ ಪರ್ಯಾಯವು 2 ವರ್ಷ. ಆದುದರಿಂದ ಅದೇ ಮಠಕ್ಕೆ ಸರದಿ ಮರಳಿ ಬರಲು 16 ವರ್ಷ ಬೇಕು. ಪರ್ಯಾಯವೆಂದರೆ ಬರಿಯ ಪೂಜೆಯಲ್ಲ. ಬಂದ ಭಕ್ತರಿಗೆಲ್ಲ ಅನ್ನವಿಡುವ ಹೊಣೆಯೂ ಅದರೊಡನೆಯೇ ಬರುತ್ತದೆ. ಆದಕಾರಣ ಪರ್ಯಾಯಕ್ಕೆ ಬಹಳ ಮೊದಲೇ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂಬ ನಾಲ್ಕು ವಿಧಿಗಳು ಕ್ರಮವಾಗಿ ನಡೆಯುತ್ತವೆ. ಇವುಗಳಲ್ಲಿರುವ ವ್ಯವಹಾರದೃಷ್ಟಿಯನ್ನು ಗಮನಿಸಬೇಕು. ಊಟದ ದಿನ ಎಲೆ ಬೇಕಾದರೆ ಬಾಳೆಯ ಕಂದನ್ನು ಬಹಳ ಮುಂಚೆಯೇ ನೆಡಬೇಕು. ಮಳೆಗಾಲದಲ್ಲಿ ಒಲೆ ಉರಿಯಬೇಕಾದರೆ ಸೌದೆಯನ್ನು ಮೊದಲೇ ಒಟ್ಟಿ ಒಣಗಿಸಬೇಕು. ನಾಳೆ ಎಷ್ಟು ಜನರು ಬರುವರೆಂಬುದನ್ನು ಇಂದೇ ಊಹಿಸಿ, ಅದಕ್ಕೆ ತಕ್ಕಷ್ಟು ಸಾಮಗ್ರಿಯನ್ನು ಒದಗಿಸಿಡುವುದು ಆ ಅಡುಗೆಮನೆಯ ಮೊದಲನೆಯ ಪಾಠ. ಹೋಟೆಲಿಗೂ ಅದೇ ಮೊದಲನೆಯ ಪಾಠ.

ಈ ಪಾಠವನ್ನು ಪಟ್ಟಣಗಳಿಗೆ ಒಯ್ದವರಲ್ಲಿ ಮೂವರನ್ನು ಇಲ್ಲಿ ನೆನೆಯಬಹುದು. ಕೋಟದ ಬಳಿಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ ಬೆಂಗಳೂರಿನಲ್ಲಿ 1924ರಲ್ಲಿ ಒಂದು ಕಾಫಿ ಕ್ಲಬ್ಬನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಹೆಸರಾಯಿತು. ಅಡುಗೆಮನೆಯ ಆಳಾಗಿ ಜೀವನವನ್ನು ಆರಂಭಿಸಿದ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಎ. ರಾಮನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಇಂಥ ಹೋಟೆಲುಗಳ ಯಜಮಾನರಲ್ಲಿ ಅನೇಕರು ಲೋಟ ತೊಳೆಯುವುದರಿಂದ ಮೊದಲುಗೊಂಡು, ಬಡಿಸುವುದು, ಹಿಟ್ಟು ರುಬ್ಬುವುದು, ಒಲೆಯ ಮುಂದೆ ನಿಲ್ಲುವುದು, ಇವೆಲ್ಲವನ್ನೂ ದಾಟಿ ಕಟ್ಟಕಡೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಒಂದು ಸೇರು ಬೇಳೆಯಿಂದ ಎಷ್ಟು ಸೌಟು ಸಾರು ಬರಬೇಕೆಂಬುದು ಅಂಥವರಿಗೆ ಲೆಕ್ಕದ ಪುಸ್ತಕವನ್ನು ನೋಡದೆಯೇ ತಿಳಿಯುತ್ತಿತ್ತು.

ಇನ್ನು ಲಾಭದ ಲೆಕ್ಕಕ್ಕೆ ಬರೋಣ. ಹೋಟೆಲಿನ ವೆಚ್ಚದಲ್ಲಿ ಎರಡು ಬಗೆ. ಅಕ್ಕಿ, ಬೇಳೆ, ಹಾಲು, ತುಪ್ಪಗಳ ವೆಚ್ಚವು ಗಿರಾಕಿಗಳ ಸಂಖ್ಯೆಯೊಡನೆ ಏರಿ ಇಳಿಯುತ್ತದೆ. ಮನೆಯ ಬಾಡಿಗೆ, ದೀಪದ ವೆಚ್ಚ, ಆಳುಗಳ ಸಂಬಳಗಳು ಗಿರಾಕಿ ಬಂದರೂ ಬಾರದಿದ್ದರೂ ಕೊಡಲೇಬೇಕಾದವು. ಒಂದು ಹೋಟೆಲಿನಲ್ಲಿ 40 ಮಂದಿಗೆ ಕುಳಿತುಕೊಳ್ಳಲು ಸ್ಥಳವಿದೆಯೆಂದೂ, ಬೆಳಗಿನ ತಿಂಡಿಯ ಹೊತ್ತು 3 ಗಂಟೆಗಳೆಂದೂ ಇಟ್ಟುಕೊಳ್ಳೋಣ. ಒಬ್ಬೊಬ್ಬನೂ ಅರ್ಧ ಗಂಟೆ ಕುಳಿತರೆ 240 ಜನರಿಗೆ ತಿಂಡಿ ಕೊಡಬಹುದು. 20 ನಿಮಿಷಗಳಲ್ಲಿ ಏಳುವಂತಾದರೆ 360 ಜನರಿಗೆ ಕೊಡಬಹುದು. ಬಾಡಿಗೆಯೇನೋ ಅಷ್ಟೇ. ಇದಕ್ಕಾಗಿ ಗಿರಾಕಿಯನ್ನು ಅವಸರಪಡಿಸಬೇಕಾಗಿಲ್ಲ. ಅವನು ತಿನ್ನುವ ಹೊತ್ತು ಅವನದು. ಆದರೆ ನೀರಿಗಾಗಿ ಕಾಯುವ ಹೊತ್ತು, ಹೇಳಿದ ತಿಂಡಿ ಬಾರದೆ ಕಾಯುವ ಹೊತ್ತು, ಮುಂಚೆ ಕುಳಿತವನ ಎಂಜಲು ತಟ್ಟೆಯನ್ನು ತೆಗೆಯುವವರೆಗೆ ನಿಂತು ಕಾಯುವ ಹೊತ್ತು, ಇವು ಯಾರಿಗೂ ಪ್ರಯೋಜನವಿಲ್ಲದ ಹೊತ್ತು. ಉಡುಪಿ ಹೋಟೆಲಿನವರು ಉಳಿಸಿದುದು ಈ ಹೊತ್ತನ್ನು. ಪ್ರತಿಯೊಂದು ತಿಂಡಿಗೂ ಹೆಚ್ಚು ಲಾಭವನ್ನಿಡದೆ, ಹೆಚ್ಚು ಜನರಿಗೆ ಬಡಿಸಿ ಲಾಭಪಡೆಯುವುದು ಅವರ ಕ್ರಮವಾಯಿತು. ಬಡ ಗುಮಾಸ್ತನೂ ವಿದ್ಯಾರ್ಥಿಯೂ ದಿನದಿನವೂ ಅಲ್ಲಿಗೆ ಹೋಗಲು ಸಾಧ್ಯವಾದುದಕ್ಕೆ ಇದೇ ಕಾರಣ.

ಎರಡನೆಯ ಉಳಿತಾಯವು ಹಿಟ್ಟಿನಲ್ಲಿದೆ. ಬೇಯಿಸಿದ ಆಹಾರವು ನಾಳೆಯವರೆಗೆ ನಿಲ್ಲುವ ಸರಕಲ್ಲ. ಬಟ್ಟೆಯ ಅಂಗಡಿಯವನು ಇಂದು ಮಾರದ ಪಂಚೆಯನ್ನು ಮುಂದಿನ ವಾರ ಮಾರಬಹುದು, ಹೋಟೆಲಿನವನಿಗೆ ಆ ಭಾಗ್ಯವಿಲ್ಲ. ಇದನ್ನು ಅರಿತು ತಿಂಡಿಗಳ ಪಟ್ಟಿಯನ್ನು ಅವರು ಚಿಕ್ಕದಾಗಿಟ್ಟರು. ಪಟ್ಟಿಯಲ್ಲಿರುವ ತಿಂಡಿಗಳಾದರೂ ಒಂದೇ ಮೂಲದಿಂದ ಹುಟ್ಟುವಂತೆ ನೋಡಿಕೊಂಡರು. ಅಕ್ಕಿ ಮತ್ತು ಉದ್ದಿನಬೇಳೆಯ ಹಿಟ್ಟು ಹದವಾಗಿ ಹುದುಗಿದರೆ ಇಡ್ಲಿ. ಕೊಂಚ ಹುಳಿ ಏರಿದರೆ ದೋಸೆ. ಇನ್ನೂ ಹುಳಿಯಾದರೆ ಈರುಳ್ಳಿ ಸೇರಿಸಿದ ಉತ್ತಪ್ಪ. ಮಿಕ್ಕ ಇಡ್ಲಿಯನ್ನು ಪುಡಿಮಾಡಿ ಒಗ್ಗರಣೆ ಕೊಟ್ಟರೆ ಉಪ್ಪಿಟ್ಟು. ಒಂದೇ ಪಾತ್ರೆಯ ಸಾಂಬಾರು ಇಡ್ಲಿಗೂ ಆಯಿತು, ವಡೆಗೂ ಆಯಿತು, ಮಧ್ಯಾಹ್ನದ ಅನ್ನಕ್ಕೂ ಆಯಿತು. ಇದು ಜಿಪುಣತನವಲ್ಲ, ಮನೆಯ ಗೃಹಿಣಿಯ ಜಾಣ್ಮೆಯೇ ದೊಡ್ಡ ಪ್ರಮಾಣದಲ್ಲಿ ಮಾಡಿದ ಕೆಲಸ.

ಆದರೆ ಉಳಿತಾಯವು ಒಂದು ಮೇರೆಯನ್ನು ದಾಟಿದರೆ ಮೋಸವಾಗುತ್ತದೆ. ಗಿರಾಕಿಗೆ ಕಾಣದ ಸ್ಥಳದಲ್ಲಿ ಅಡುಗೆ ನಡೆಯುವುದರಿಂದ ಈ ವ್ಯಾಪಾರವೆಲ್ಲ ನಂಬಿಕೆಯ ಮೇಲೆಯೇ ನಿಂತಿರುತ್ತದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ವ್ಯವಸ್ಥೆಯನ್ನು ಕಂಡು ಬಂದರು. ಅವರು ಅಲ್ಲಿಂದ ತಂದುದು ಹೊಸ ತಿಂಡಿಯನ್ನಲ್ಲ, ಶುಚಿಯ ನಿಯಮಗಳನ್ನು. ಪಾತ್ರೆಗಳನ್ನು ಕ್ರಿಮಿಗಳು ಸಾಯುವಂತೆ ಶುದ್ಧಿಮಾಡುವ ಕ್ರಮವು ಆಚರಣೆಗೆ ಬಂದಿತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತಾಯಿತು. ಶುಚಿಗೆ ಮಾಡಿದ ವೆಚ್ಚವು ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆಗೆ ಸೇರುವುದಾದರೂ, ಕಾಲಾಂತರದಲ್ಲಿ ಅದು ಜಮಾ ಕಡೆಗೇ ಬಂದು ನಿಲ್ಲುತ್ತದೆ.

ವ್ಯವಹಾರನೀತಿಯ ನಿಜವಾದ ಪರೀಕ್ಷೆಯು ಕಷ್ಟಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನಿಯರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಆ ಅಭಾವದಲ್ಲಿ ಗೋಧಿಯ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆದು ರವೆಇಡ್ಲಿ ಹುಟ್ಟಿತೆಂದು ಮಾವಳ್ಳಿಯ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ. ಮೊಸರಿನಲ್ಲಿ ಕಲಸಿದ ರವೆಗೆ ರಾತ್ರಿಯೆಲ್ಲ ಹುದುಗುವ ಅಗತ್ಯವಿಲ್ಲ. ಗಿರಾಕಿಗಳನ್ನು ನೋಡಿ ಬೇಕಾದಷ್ಟನ್ನೇ ಕಲಸಬಹುದು. ಅಭಾವವು ಕಲಿಸಿದ ತಿಂಡಿಯು ಅಭಾವವು ತೀರಿದ ಮೇಲೂ ಉಳಿದುದು ಇದರಿಂದಲೇ ಇರಬೇಕು.

ಇದಕ್ಕಿಂತ ಕಠಿನವಾದ ಪರೀಕ್ಷೆಯು 1975ರಲ್ಲಿ ಬಂದಿತು. ದೇಶದಲ್ಲಿ ತುರ್ತುಪರಿಸ್ಥಿತಿಯು ಜಾರಿಯಲ್ಲಿದ್ದ ಆ ಕಾಲದಲ್ಲಿ ತಿಂಡಿತೀರ್ಥಗಳ ಬೆಲೆಯನ್ನು ಇಳಿಸಬೇಕೆಂದು ಸರ್ಕಾರದ ಆಜ್ಞೆಯಾಯಿತು. ಗೊತ್ತುಮಾಡಿದ ಬೆಲೆಯು ತಯಾರಿಕೆಯ ವೆಚ್ಚಕ್ಕೂ ಸಾಲದು. ಆಗ ಹೋಟೆಲಿನವನ ಮುಂದೆ ಸುಲಭವಾದ ಒಂದು ದಾರಿಯಿದ್ದಿತು: ತುಪ್ಪದ ಬದಲು ಎಣ್ಣೆ ಹಾಕುವುದು, ಕಾಫಿಗೆ ನೀರು ಸೇರಿಸುವುದು, ದೋಸೆಯನ್ನು ಸಣ್ಣದು ಮಾಡುವುದು. ಮಾವಳ್ಳಿಯವರು ಆ ದಾರಿಯನ್ನು ಹಿಡಿಯಲಿಲ್ಲ. ಗುಣವನ್ನು ಇಳಿಸದೆ ಇಳಿಸಿದ ಬೆಲೆಗೇ ಮಾರಿ, ಆ ದಿನದ ನಷ್ಟವೆಷ್ಟೆಂಬುದನ್ನು ಹಲಗೆಯ ಮೇಲೆ ಬರೆದು ಹೊರಗಿಟ್ಟರು. ನಷ್ಟವನ್ನು ತಾಳಲಾರದೆ ಹೋದಾಗ ಬಾಗಿಲು ಮುಚ್ಚಿದರು. ಕೆಲಸವಿಲ್ಲದಾದ ಆಳುಗಳ ಕೈಗೆ ಕೆಲಸ ಕೊಡುವುದಕ್ಕಾಗಿ ಸಾಂಬಾರುಪುಡಿ, ತಿಂಡಿಯ ಹಿಟ್ಟುಗಳನ್ನು ಸಿದ್ಧಮಾಡಿ ಪೊಟ್ಟಣ ಕಟ್ಟಿ ಮಾರಿದರು. ಹೋಟೆಲಿನ ಬಾಗಿಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರವೂ ಬೆಳೆದು, 2007ರಲ್ಲಿ ನಾರ್ವೆ ದೇಶದ ಒಂದು ದೊಡ್ಡ ಕಂಪೆನಿಯು ಅದನ್ನು ಕೊಂಡುಕೊಂಡಿತು. ಹೆಸರನ್ನು ಉಳಿಸಿಕೊಂಡುದೇ ಆ ಹೋಟೆಲಿನ ಅತಿ ದೊಡ್ಡ ಬಂಡವಾಳವಾಯಿತೆಂದು ನಾವು ಹೇಳಬಹುದು.

ಇಷ್ಟು ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಪಕ್ಕವನ್ನು ಮುಚ್ಚಿಡುವುದು ಇತಿಹಾಸಕ್ಕೆ ಉಚಿತವಲ್ಲ. ಮಾವಳ್ಳಿಯ ಕಾಫಿ ಕ್ಲಬ್ಬಿಗೆ ಮೊದಲಿದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಆ ಕಾಲದ ಅನೇಕ ಹೋಟೆಲುಗಳ ಹಲಗೆಗಳ ಮೇಲೆ ಆ ಶಬ್ದವಿದ್ದಿತು. ಒಳಗೆ ಬ್ರಾಹ್ಮಣರಿಗೆ ಬೇರೆ ಸ್ಥಳ, ಇತರರಿಗೆ ಬೇರೆ ಸ್ಥಳವೆಂಬ ಭೇದವಿದ್ದಿತು. ಕೆಲವರಿಗಂತೂ ಒಳಗೆ ಪ್ರವೇಶವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಹೋಟೆಲುಗಳಿಗೆ ಪ್ರವೇಶಿಸಲು ಜಾತಿಮತಗಳ ಕಾರಣದಿಂದ ಯಾರಿಗೂ ಅಡ್ಡಿಮಾಡಕೂಡದೆಂದು ವಿಧಿಸಿತು. ಹಲಗೆಯ ಮೇಲಿನ ಶಬ್ದವನ್ನು ತೆಗೆಸಲು ಮದರಾಸಿನಲ್ಲಿ 1957ರಲ್ಲಿ ಪೆರಿಯಾರ್ ರಾಮಸ್ವಾಮಿಯವರು ಚಳವಳಿಯನ್ನೇ ನಡೆಸಬೇಕಾಯಿತು.

ಇನ್ನೊಂದು ಸಾಲವು ಮಾಣಿಗಳದು. ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗರು ಊರು ಬಿಟ್ಟು ಬಂದು, ನಸುಕಿನಿಂದ ನಡುರಾತ್ರಿಯವರೆಗೆ ಲೋಟ ತೊಳೆದು, ಅಲ್ಲಿಯೇ ಮಲಗಿ ಏಳುತ್ತಿದ್ದರು. ಅವರಲ್ಲಿ ಕೆಲವರು ಯಜಮಾನರಾದ ಕಥೆಯನ್ನು ನಾವು ಸಂತೋಷದಿಂದ ಹೇಳುತ್ತೇವೆ. ಯಜಮಾನರಾಗದೆ ಕೈಬೆರಳು ಕೊಳೆತು ಹಿಂದಿರುಗಿದವರ ಕಥೆಯನ್ನು ಯಾರೂ ಬರೆದಿಡಲಿಲ್ಲ. 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಹೋಟೆಲಿನ ಕೆಲಸಕ್ಕೆ ಇಟ್ಟುಕೊಳ್ಳಕೂಡದೆಂಬ ನಿಷೇಧವು ದೇಶದಲ್ಲಿ ಜಾರಿಗೆ ಬಂದುದು 2006ರ ಅಕ್ಟೋಬರಿನಲ್ಲಿ. ಅಗ್ಗದ ತಿಂಡಿಯ ಬೆಲೆಯಲ್ಲಿ ಒಂದು ಭಾಗವನ್ನು ಅಷ್ಟು ಕಾಲವೂ ಆ ಮಕ್ಕಳು ತೆತ್ತಿದ್ದರು.

ದುಡಿಯುವವನಿಂದ ಕಸಿಯದೆಯೂ ಹೋಟೆಲನ್ನು ನಡಸಬಹುದೆಂಬುದಕ್ಕೆ ದೃಷ್ಟಾಂತವಿಲ್ಲದಿಲ್ಲ. ಕಾಫಿ ಮಂಡಳಿಯವರು ತಮ್ಮ ಕಾಫಿಹೌಸುಗಳನ್ನು ಮುಚ್ಚಲು ನಿಶ್ಚಯಿಸಿ ನೌಕರರನ್ನು ಬಿಡಿಸಿದಾಗ, ಎ. ಕೆ. ಗೋಪಾಲನ್ನರ ಪ್ರೇರಣೆಯಿಂದ ನೌಕರರೇ ಸಹಕಾರಸಂಘಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಬಡಿಸುವವನೇ ಪಾಲುದಾರನಾದನು. ಮುಂದೆ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿದುವು. ಮೊದಲು ಹಣ ಕೊಟ್ಟು ಚೀಟಿ ಪಡೆದು, ತಿಂಡಿಯನ್ನು ತಾನೇ ತೆಗೆದುಕೊಂಡು, ನಿಂತೇ ತಿನ್ನುವ ಈ ಏರ್ಪಾಡಿನಲ್ಲಿ ಸ್ಥಳವೂ ಹೊತ್ತೂ ಉಳಿಯುತ್ತವೆ. ಅಡುಗೆಯೂ ಎದುರಿಗೇ ಕಾಣುತ್ತದೆ. ಹಳೆಯ ಲೆಕ್ಕವೇ ಇಲ್ಲಿ ಹೊಸ ರೂಪವನ್ನು ತಾಳಿದೆ.

ಹೊತ್ತನ್ನು ಉಳಿಸಿ ಪಡೆದ ಲಾಭ, ಹಿಟ್ಟನ್ನು ಪೋಲುಮಾಡದೆ ಪಡೆದ ಲಾಭ, ನಾಳೆಯನ್ನು ಸರಿಯಾಗಿ ಊಹಿಸಿ ಪಡೆದ ಲಾಭ, ಇವು ಯಾರ ಗಂಟನ್ನೂ ಕದ್ದವಲ್ಲ. ತಟ್ಟೆಯಿಂದ ಕಸಿದ ಲಾಭವಾದರೆ ಗಿರಾಕಿಯದು. ಸಂಬಳದಿಂದ ಕಸಿದ ಲಾಭವಾದರೆ ಆಳಿನದು. ಇವೆರಡನ್ನೂ ಬೇರೆಬೇರೆಯಾಗಿ ಬರೆದಿಡುವ ಯಜಮಾನನೇ ತನ್ನ ವ್ಯಾಪಾರದ ನಿಜವಾದ ಲೆಕ್ಕವನ್ನು ಬಲ್ಲವನು. ಅನ್ನವನ್ನು ಮಾರಬಾರದೆಂದ ಹಿರಿಯರ ಮಾತನ್ನು ಕಾಲವು ಮೀರಿದೆ. ಆದರೆ ಆ ಮಾತಿನ ಹಿಂದೆ ಉಣ್ಣುವವನ ವಿಷಯದಲ್ಲಿ ಇದ್ದ ಗೌರವವನ್ನು ಮೀರಬೇಕಾದ ಕಾರಣವೇನೂ ಇಲ್ಲ.