ರುಜು ಇದ್ದವರ ಕಾನೂನು

ದೆಹಲಿಯ ವಿಜ್ಞಾನ ಭವನಕ್ಕೆ ಕಂಚಿನ ಭಿತ್ತಿಶಿಲ್ಪವೊಂದನ್ನು ಮಾಡಿಕೊಡುವಂತೆ ಕೇಂದ್ರ ಸರ್ಕಾರ ಶಿಲ್ಪಿ ಅಮರನಾಥ ಸೆಹಗಲ್ ಅವರನ್ನು ಕೇಳಿದ್ದು 1957ರಲ್ಲಿ. 140 ಅಡಿ ಉದ್ದ, 40 ಅಡಿ ಎತ್ತರದ ಆ ಶಿಲ್ಪ ಗೋಡೆ ಏರಿದ್ದು 1962ರಲ್ಲಿ. ದೇಶವಿದೇಶದ ಅತಿಥಿಗಳು ಕಣ್ತುಂಬ ನೋಡಿ ಹೋಗುತ್ತಿದ್ದ ಅದನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಸಾಗಿಸಲಾಯಿತು. ಮಾಡಿದವರಿಗೆ ಒಂದು ಮಾತೂ ತಿಳಿಸಲಿಲ್ಲ.

ಸೆಹಗಲ್ ಅವರ ಕೈಹಿಡಿದದ್ದು ಶಿಲ್ಪಕ್ಕೆ ವೀಳ್ಯ ಸಿಕ್ಕ ವರ್ಷವೇ ಸಂಸತ್ತು ಒಪ್ಪಿದ್ದ ಕಾಪಿರೈಟ್ ಕಾಯ್ದೆ. ಕೃತಿಯನ್ನು ಮಾರಿ ದುಡ್ಡು ಎಣಿಸಿಕೊಂಡ ಮೇಲೂ ಎರಡು ಹಕ್ಕುಗಳು ಮಾಡಿದವರಲ್ಲೇ ಉಳಿಯುತ್ತವೆ ಎನ್ನುತ್ತದೆ ಅದರ 57ನೇ ಸೆಕ್ಷನ್: ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು, ಅದನ್ನು ಕೆಡಿಸದಂತೆ ತಡೆಯುವ ಹಕ್ಕು. ಇವನ್ನು ನೈತಿಕ ಹಕ್ಕುಗಳೆಂದು ಕರೆಯುವುದು ರೂಢಿ. 1992ರಲ್ಲಿ ಹೂಡಿದ ದಾವೆ 2005ರ ಫೆಬ್ರುವರಿಯಲ್ಲಿ ಇತ್ಯರ್ಥವಾಯಿತು. ಅಳಿದುಳಿದ ತುಂಡುಗಳನ್ನು ಕಲಾವಿದರಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು ದೆಹಲಿ ಹೈಕೋರ್ಟ್. ಸೆಹಗಲ್‌ಗೆ ಆಗ 83 ವರ್ಷ.

ಕಲಾವಿದರು ಹಿಗ್ಗಿದರು. ಆದರೆ ಈ ಗೆಲುವು ಎಷ್ಟು ದೂರ ನಡೆಯಬಲ್ಲದು ಎಂಬುದು ಪ್ರಗತಿ ಮೈದಾನದಲ್ಲಿ ಗೊತ್ತಾಯಿತು. ವಾಸ್ತುಶಿಲ್ಪಿ ರಾಜ್ ರೇವಾಲ್ 1972ರಲ್ಲಿ ಎಂಜಿನಿಯರ್ ಮಹೇಂದ್ರ ರಾಜ್ ಜೊತೆಗೂಡಿ ಅಲ್ಲಿ ನಿಲ್ಲಿಸಿದ್ದ ‘ಹಾಲ್ ಆಫ್ ನೇಷನ್ಸ್’ ಕಟ್ಟಡವನ್ನು 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಲಾಯಿತು. ರೇವಾಲ್ ಅದೇ 57ನೇ ಸೆಕ್ಷನ್ ಹಿಡಿದು ಅದೇ ಹೈಕೋರ್ಟಿಗೆ ಹೋದರು. 2019ರಲ್ಲಿ ಬಂದ ಉತ್ತರ: ಕಟ್ಟಡವನ್ನು ವಿರೂಪಗೊಳಿಸಿದರೆ ವಾಸ್ತುಶಿಲ್ಪಿ ತಕರಾರು ತೆಗೆಯಬಹುದು, ಪೂರಾ ಕೆಡವಿದರೆ ಕಣ್ಣಿಗೆ ಬೀಳಲು ಏನೂ ಉಳಿಯದು, ಉಳಿಯದ್ದರಿಂದ ಹೆಸರಿಗೆ ಕುಂದೂ ಬಾರದು, ಜಾಗದ ಒಡೆಯನ ಹಕ್ಕೇ ಮೇಲು. ಮೂಗು ಕೊಯ್ದರೆ ಅಪರಾಧ, ತಲೆಯನ್ನೇ ತೆಗೆದರೆ ಅಡ್ಡಿಯಿಲ್ಲ ಎಂದಂತಾಯಿತು. ತರ್ಕದಲ್ಲಿ ಬಿರುಕಿಲ್ಲ; ನ್ಯಾಯದಲ್ಲಿದೆ.

ಇದು ಸಿವಿಲ್ ಕೋರ್ಟುಗಳ ಕಥೆ. ಕ್ರಿಮಿನಲ್ ಕೋರ್ಟುಗಳಲ್ಲಿ ಕಲಾವಿದರು ಫಿರ್ಯಾದಿಗಳಲ್ಲ, ಆರೋಪಿಗಳು. 1954ರಲ್ಲಿ ಮುಂಬಯಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ‘ಲವರ್ಸ್’ ಚಿತ್ರಕ್ಕಾಗಿ ಯುವ ಕಲಾವಿದ ಅಕ್ಬರ್ ಪದಮ್ಸಿ ಅಶ್ಲೀಲತೆಯ ಮೊಕದ್ದಮೆ ಎದುರಿಸಿ, ಗೆದ್ದರು. ಆಮೇಲೆ ಏಳು ದಶಕ ಉರುಳಿದವು. ವಿದೇಶದಿಂದ ಬಂದ ಪದಮ್ಸಿ ಮತ್ತು ಎಫ್. ಎನ್. ಸೋಜಾ ಅವರ ಏಳು ಕಲಾಕೃತಿಗಳನ್ನು ಮುಂಬಯಿಯ ಕಸ್ಟಮ್ಸ್ ಅಧಿಕಾರಿಗಳು ಅದೇ ಕಾರಣ ಕೊಟ್ಟು ತಡೆಹಿಡಿದರು. ಬತ್ತಲೆ ಎಂದ ಮಾತ್ರಕ್ಕೆ ಅಶ್ಲೀಲವಲ್ಲ ಎಂಬುದನ್ನು ಬಾಂಬೆ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೇಳಿಕೊಡಬೇಕಾಯಿತು.

ಕರ್ನಾಟಕದ ಅನುಭವವೂ ಹೀಗೇ ಏರುಪೇರಿನದು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು ಸೆನ್ಸಾರ್ ಮಂಡಳಿ ತಡೆದಿತ್ತು, ಬಿಡುಗಡೆಯಾದ ಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿ, ಉಬ್ಬಸದಿಂದ ಬಳಲಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ಮುಟ್ಟುಗೋಲನ್ನು ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಪ್ರಶ್ನಿಸಿದರು. 2007ರಲ್ಲಿ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು.

ಮರುವರ್ಷವೇ ದೆಹಲಿಯಲ್ಲಿ ಗಾಳಿ ತಿರುಗಿತು. ಚಿತ್ರಕಾರ ಎಂ. ಎಫ್. ಹುಸೇನ್ ಮೇಲಿನ ಅಶ್ಲೀಲತೆಯ ಮೊಕದ್ದಮೆಗಳನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ರದ್ದುಮಾಡಿದರು. ತಮಿಳು ಲೇಖಕ ಪೆರುಮಾಳ್ ಮುರುಗನ್ ಮತ್ತೆ ಬರೆಯಲಿ ಎಂದು 2016ರಲ್ಲಿ ಹಾರೈಸಿದ ಮದ್ರಾಸ್ ಹೈಕೋರ್ಟಿನ ತೀರ್ಪೂ ಇವರದೇ. ಮುರುಗನ್ ಬರವಣಿಗೆಗೆ ಮರಳಿದರು. ಹುಸೇನ್ ಮನೆಗೆ ಮರಳಲಿಲ್ಲ. 2006ರಲ್ಲಿ ದೇಶ ಬಿಟ್ಟವರು 2010ರಲ್ಲಿ ಕತಾರ್ ಪೌರತ್ವ ಪಡೆದು, 2011ರಲ್ಲಿ ಲಂಡನ್ನಿನಲ್ಲಿ ಕಣ್ಮುಚ್ಚಿದರು. ಕಾನೂನು ಅವರನ್ನು ಗೆಲ್ಲಿಸಿತು, ಕಾಯಲಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಸಂಗೀತಗಾರರು ಚಿತ್ರಕಾರರಿಗಿಂತ ಮುಂದಿದ್ದಾರೆ. ಸಿನಿಮಾ ಹಾಡಿನ ಹಕ್ಕು ನಿರ್ಮಾಪಕನದು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಜಾವೇದ್ ಅಖ್ತರ್ ರಾಜ್ಯಸಭೆ ಸೇರಿ ಒತ್ತಾಯಿಸಿದ ಮೇಲೆ, 2012ರ ತಿದ್ದುಪಡಿ ರಾಯಧನದಲ್ಲಿ ಸಮಪಾಲನ್ನು ಬರೆದವರಿಗೂ ರಾಗ ಕಟ್ಟಿದವರಿಗೂ ಕೊಟ್ಟಿತು. ಅದನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಸಿಯುವಂತಿಲ್ಲ. ಚಿತ್ರಕಾರರಿಗೂ 1994ರಲ್ಲೇ ಒಂದು ಅನುಕೂಲ ಸಿಕ್ಕಿದೆ: ಮೂಲಕೃತಿ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದರೆ ಶೇ 10ರವರೆಗೆ ಪಾಲು. ಅದು ಕಾಯ್ದೆಯ ಪುಟ ಬಿಟ್ಟು ಕೆಳಗಿಳಿದದ್ದು ಕಡಿಮೆ.

ಪರಂಪರೆ ಮತ್ತು ಒಡೆತನದ ತೊಡಕು ಚೆನ್ನಾಗಿ ಕಾಣಿಸಿದ್ದು ಯಕ್ಷಗಾನದಲ್ಲಿ. ಶಿವರಾಮ ಕಾರಂತರು ‘ಯಕ್ಷರಂಗ’ ಎಂಬ ಹೊಸ ರೂಪ ಕಟ್ಟಿ, ಏಳು ಪ್ರಸಂಗಗಳನ್ನು ರಂಗಕ್ಕೆ ತಂದಿದ್ದರು. 1994ರ ಉಯಿಲಿನಂತೆ ಅವುಗಳ ಹಕ್ಕು ಅವರ ಸಹಾಯಕಿ ಮಾಲಿನಿ ಮಲ್ಯರಿಗೆ ಬಂತು. ಕಾರಂತರ ಕಾಲಾನಂತರ, 2001ರಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಪ್ರದರ್ಶನ ನಡೆಸಿದಾಗ ಮಲ್ಯ ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಒಪ್ಪಿತು. ಶೈಕ್ಷಣಿಕ ಬಳಕೆಯಂಥ ಕಾಯ್ದೆಯ ವಿನಾಯಿತಿಗಳು ಅಕಾಡೆಮಿಗೂ ಉಂಟು ಎಂದೂ ಸೇರಿಸಿತು. ಮೇಳಗಳು ತಲೆಮಾರುಗಳಿಂದ ಆಡಿಕೊಂಡು ಬಂದ ಕಲೆಯಲ್ಲಿ ಒಬ್ಬರ ಪಾಲೆಷ್ಟು ಎಂದು ಗೆರೆ ಎಳೆಯುವುದು ಸುಲಭವಲ್ಲ. ಇಲ್ಲಿ ಗೆರೆ ಎಳೆಯಲಾದದ್ದು ಕಾರಂತರೆಂಬ ಹೆಸರಿತ್ತು, ಉಯಿಲಿತ್ತು ಎಂಬ ಕಾರಣಕ್ಕೆ.

ವಿನ್ಯಾಸಕಾರರಿಗೆ ಹೆಸರೊಂದೇ ಸಾಲದು, ನೋಂದಣಿಯೂ ಬೇಕು. 2000ದ ಡಿಸೈನ್ಸ್ ಕಾಯ್ದೆ 10 ವರ್ಷ, ಮೇಲೆ 5 ವರ್ಷ ರಕ್ಷಣೆ ಕೊಡುತ್ತದೆ. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಕಾಪಿರೈಟ್ ಕೂಡ ಕೈಬಿಟ್ಟು ಹೋಗುತ್ತದೆ. ಈ ಹಳ್ಳಕ್ಕೆ ಬಿದ್ದವರಲ್ಲಿ ಹೆಸರಾಂತರೂ ಇದ್ದಾರೆ: ರಿತು ಕುಮಾರ್ ಬ್ರಾಂಡಿನ ಕಂಪನಿ ಬೀಬಾ ವಿರುದ್ಧ ಹೂಡಿದ ದಾವೆ 2016ರಲ್ಲಿ ಬಿದ್ದುಹೋದದ್ದು ಇದೇ ನಿಯಮದಿಂದ.

ಹೆಸರೂ ಇಲ್ಲದ, ನೋಂದಣಿಯೂ ಇಲ್ಲದ ಕೈಗಳಿಗೆ ಕಾನೂನು ಕಟ್ಟಕಡೆಗೆ ಕೊಟ್ಟದ್ದು ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್. ಕೊಲ್ಹಾಪುರಿ ಚಪ್ಪಲಿಯ ಟ್ಯಾಗ್ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೊಡಿಸಿದಾಗ ಗದ್ದಲವೆದ್ದಿತು. ಜಿಐ ಕಾಯುವುದು ಮುಖ್ಯವಾಗಿ ಹೆಸರನ್ನು. ಪ್ರಾಡಾ ಕೊಲ್ಹಾಪುರಿ ಎಂಬ ಹೆಸರನ್ನೇ ಎತ್ತಿರಲಿಲ್ಲ. ಪ್ರಾಡಾ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲಿ ವಜಾ ಮಾಡಿತು: ಕೇಳಬೇಕಾದವರು ಟ್ಯಾಗಿನ ನೋಂದಾಯಿತ ಒಡೆಯರು.

ಆ ಒಡೆಯರೆಂದರೆ ಎರಡು ಸರ್ಕಾರಿ ನಿಗಮಗಳು, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್. ಡಿಸೆಂಬರ್‌ನಲ್ಲಿ ಪ್ರಾಡಾ ಇವೆರಡರೊಂದಿಗೆ ಒಪ್ಪಂದ ಮಾಡಿಕೊಂಡು, ಇಲ್ಲಿನ ಕುಶಲಕರ್ಮಿಗಳಿಂದಲೇ ಚಪ್ಪಲಿ ಮಾಡಿಸುವುದಾಗಿ ಹೇಳಿತು. ಅಥಣಿಯಲ್ಲಿ ಚರ್ಮ ಕೊಯ್ದು ಹೊಲಿಯುವ ಕುಟುಂಬ ತನ್ನದೇ ಹೆಸರಿನಲ್ಲಿ ಟ್ಯಾಗ್ ಬಳಸಬೇಕೆಂದರೆ ಅಧಿಕೃತ ಬಳಕೆದಾರರಾಗಿ ಬೇರೆಯೇ ನೋಂದಣಿ ಮಾಡಿಸಬೇಕು. ಆ ಅರ್ಜಿ ಹೋಗುವುದು ಚೆನ್ನೈನ ಜಿಐ ಕಚೇರಿಗೆ.