ನಾಸಾ ರೆಕಾರ್ಡ್ ಮಾಡಿದ ‘ಕಪ್ಪುಕುಳಿಯ ಧ್ವನಿ’ ನಿಜವೇ?

ಕಪ್ಪುಕುಳಿಯ ಧ್ವನಿ ಎಂಬ ಒಕ್ಕಣೆಯ ಆಡಿಯೊ ಒಂದು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ದೆವ್ವದ ಸಿನಿಮಾದಲ್ಲಿ ಕೇಳಿಸುವಂಥ ನರಳಾಟ ಅದು. ‘ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಸದ್ದೆಲ್ಲಿಂದ ಬಂತು?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೂ ಆಡಿಯೊ ಪೂರ್ತಿ ಸುಳ್ಳಲ್ಲ.

ಅದನ್ನು 2022ರಲ್ಲಿ ನಾಸಾ ಬಿಡುಗಡೆ ಮಾಡಿತ್ತು. ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಗೆಲಾಕ್ಸಿ ಗುಚ್ಛದಲ್ಲಿ ಬಿಸಿ ಅನಿಲ ತುಂಬಿದೆ. ನಡುವಿನ ಕಪ್ಪುಕುಳಿಯ ಚಟುವಟಿಕೆಯಿಂದ ಆ ಅನಿಲದಲ್ಲಿ ಒತ್ತಡದ ಅಲೆಗಳು ಏಳುತ್ತವೆ. ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರಗಳಲ್ಲಿ ವಿಜ್ಞಾನಿಗಳು ಇವನ್ನು 2003ರಲ್ಲೇ ಗುರುತಿಸಿದ್ದರು. ಒಂದು ಅಲೆಯ ಹಿಂದೆ ಇನ್ನೊಂದು ಬರಲು ಸುಮಾರು ಒಂದು ಕೋಟಿ ವರ್ಷ ಬೇಕು! ನಮ್ಮ ಕಿವಿಗೆ ಕೇಳಿಸಲೆಂದು ಅದನ್ನು 57–58 ಸಪ್ತಕಗಳಷ್ಟು ಮೇಲೇರಿಸಿದ್ದಾರೆ. ಅಂದರೆ ಅದು ಮೈಕ್ ಇಟ್ಟು ಹಿಡಿದದ್ದಲ್ಲ, ಚಿತ್ರದಿಂದ ತಯಾರಿಸಿದ ಸದ್ದು. ಅಲೆಗಳೂ ಅನಿಲದವು, ಕಪ್ಪುಕುಳಿಯವಲ್ಲ.

ಇದೇ ಆಡಿಯೊಗೆ ‘ಗುರುತ್ವ ಅಲೆ’ ಎಂದು ಹೆಸರಿಟ್ಟು ಕಳಿಸಿದ್ದರೆ ಅದು ತಪ್ಪು. ಗುರುತ್ವ ಅಲೆಗೆ ಅನಿಲವೂ ಬೇಡ, ಗಾಳಿಯೂ ಬೇಡ. ಅಲ್ಲಿ ಅಲುಗುವುದು ಸ್ಥಳವೇ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯಗಳು ಇಂಥ ಅಲೆಯನ್ನು ಮೊದಲ ಬಾರಿ ಹಿಡಿದವು. ಲಿವಿಂಗ್‌ಸ್ಟನ್‌ಗೆ ಬಂದ ಅಲೆ ಸುಮಾರು 7 ಮಿಲಿಸೆಕೆಂಡ್ ಬಿಟ್ಟು ಹ್ಯಾನ್‌ಫರ್ಡ್‌ಗೆ ತಲುಪಿತು. ಇಡೀ ಸಂಕೇತ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ. ಅದರ ಏರಿಳಿತದಿಂದಲೇ ಲೆಕ್ಕ ಸಿಕ್ಕಿತು: ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುತ್ತುತ್ತಾ ಒಂದಾಗಿವೆ, ಆದರೆ ಹುಟ್ಟಿದ ಹೊಸದರ ತೂಕ 62 ಪಟ್ಟು. ಕೂಡಿದರೆ 65 ಆಗಬೇಕಿತ್ತಲ್ಲ? ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೊರಟುಹೋಗಿತ್ತು. ಇಷ್ಟಾದರೂ 130 ಕೋಟಿ ಜ್ಯೋತಿರ್ವರ್ಷ ದಾಟಿ ಬಂದ ಆ ಅಲೆ ಲೈಗೊದ 4 ಕಿಲೋಮೀಟರ್ ಉದ್ದದ ತೋಳನ್ನು ಅಲುಗಿಸಿದ್ದು ಒಂದು ಪ್ರೋಟಾನ್‌ನ ಅಗಲಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಇದರಿಂದ ಭೂಮಿಗೆ ಅಪಾಯ ಎಂದು ಯಾರಾದರೂ ಬರೆದರೆ ನಂಬಬೇಡಿ.

ಈ ಅಲೆಯ ಕಂಪನ ಸೆಕೆಂಡಿಗೆ 35ರಿಂದ 250ರವರೆಗೆ ಏರಿತ್ತು, ಅಂದರೆ ಮನುಷ್ಯರ ಕಿವಿಯ ಮಿತಿಯೊಳಗೇ. ಹಾಗಾಗಿ ಸಂಕೇತವನ್ನು ಸ್ಪೀಕರಿಗೆ ಕೊಟ್ಟರೆ ತಟ್ಟನೆ ಮೇಲೇರಿ ನಿಲ್ಲುವ ‘ವೂಪ್’ ಕೇಳುತ್ತದೆ. ನರಳಾಟದಷ್ಟು ಭಯಾನಕವಲ್ಲ, ಬಹುಶಃ ಅದಕ್ಕೇ ಫಾರ್ವರ್ಡ್ ಆಗುವುದೂ ಕಡಿಮೆ.

ಆ ಸಂಕೇತದ ಕೊನೆಯ ತುಣುಕಿಗೆ ಬೆಂಗಳೂರಿನ ನಂಟಿದೆ. ಕದಡಿದ ಕಪ್ಪುಕುಳಿ ಬಡಿದ ಗಂಟೆಯಂತೆ ಕಂಪಿಸಿ ಬೇಗ ಶಾಂತವಾಗುತ್ತದೆ, ಆ ಕಂಪನ ಅದರ ತೂಕವನ್ನು ಹೇಳುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದವರು. 2016ರ ಫೆಬ್ರುವರಿಯಲ್ಲಿ ಲೈಗೊ ಸುದ್ದಿ ಪ್ರಕಟವಾದಾಗ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.